ನಾಲ್ಕನೇ ದಿನದ ಮಾತು

ಅವತ್ತು ಸೋಮವಾರ. ಮರುದಿನ ಹೊಸ ಜಿಲ್ಲೆಯ ಆರೋಗ್ಯಾಧಿಕಾರಿ ನಮ್ಮ ಉಪಕೇಂದ್ರ ನೋಡಲು ಬರುವವರಿದ್ದರು. ವಯನಾಡು ಜಿಲ್ಲೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಬೋರ್ಡುಗಳ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ತೃಶ್ಶಿಲೇರಿಯ ಗದ್ದೆ ಬದಿಯಲ್ಲಿ ಎರಡು ಕೋಣೆಯ ಒಂದು ಮನೆ, ಅದೇ ಉಪಕೇಂದ್ರ. ನರ್ಸ್ ನಾನು, ಆಯಾ ಕೆಂಪಿ, ಅಷ್ಟೇ ಜನ. ಕೆಂಪಿ ಹಿಂದಿನ ಜಗಲಿಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಇಕ್ಕಳ, ಕತ್ತರಿ ಕುದಿಸುತ್ತಿದ್ದಳು. ನಾನು ನೆಲದ ಮೇಲೆ ದೊಡ್ಡ ಹಾಳೆ ಹರಡಿಕೊಂಡು, ಆ ವರ್ಷ ಎಷ್ಟು ಹೆಂಗಸರಿಗೆ ಕಾಪರ್-ಟಿ ಹಾಕಿದೆ ಎಂದು ತೋರಿಸಲು ತಿಂಗಳಿಗೊಂದು ಕಂಬ ಬರೆಯುತ್ತಿದ್ದೆ.

ಹತ್ತು ಗಂಟೆಗೆ ನನ್ನ ತಂಗಿ ನಾಗು ಬಂದಳು. ಅವಳನ್ನು ಕೊಟ್ಟದ್ದು ಕಬಿನಿ ದಂಡೆಯ ಕೊಳವಳ್ಳಿಗೆ. ಬೆಳಗಿನ ಮೊದಲ ಬಸ್ಸು ಹಿಡಿದು, ನಡುವೆ ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ರಾಗಿ ಹುರಿಹಿಟ್ಟಿನ ಡಬ್ಬ. ಮಕ್ಕಳಿಬ್ಬರನ್ನೂ ಬಿಟ್ಟು ಬಂದಿದ್ದಳು. ಹಾಲು ಕುಡಿಯುವ ಕೂಸನ್ನು ಬಿಟ್ಟು ತಂಗಿ ಇಷ್ಟು ದೂರ ಏಕೆ ಬಂದಳು ಎಂದು ಯಾವ ಅಕ್ಕನಾದರೂ ಕೇಳುತ್ತಾಳೆ. ನಾನು ಕೇಳಲಿಲ್ಲ.

"ಅಕ್ಕಾ, ಬಿಡುವಿದ್ಯಾ?"

"ಕಾಣಿಸ್ತಿಲ್ವಾ? ನಾಳೆ ಸಾರ್ ಬರ್ತಾರೆ. ಕೂತ್ಕೋ. ಆ ಸ್ಕೇಲು ಗಟ್ಟಿಯಾಗಿ ಹಿಡಿ."

ಹಿಡಿದಳು. ನಾನು ಗೆರೆ ಎಳೆದೆ.

"ಒಂದು ಮಾತಿತ್ತು."

"ಮೊದ್ಲು ಆ ಕೆಂಪು ಪೆನ್ಸಿಲ್ ಕೊಡು."

ಕೊಟ್ಟಳು. ಸ್ವಲ್ಪ ಹೊತ್ತಿಗೆ ನನ್ನ ಕೈ ನೋವು ಬಂದು ಪೆನ್ಸಿಲನ್ನು ಅವಳಿಗೇ ಕೊಟ್ಟೆ. ನಾಗು ಶಾಲೆಯಲ್ಲೂ ಗೆರೆ ದಾಟದಂತೆ ಬಣ್ಣ ತುಂಬುತ್ತಿದ್ದಳು.

"ಇದೇನಕ್ಕಾ ಈ ಕಂಬ?"

"ಕಾಪರ್-ಟಿ ಹಾಕಿಸ್ಕೊಂಡೋರು. ನೀನೂ ಇದ್ದೀಯ ಅದ್ರಲ್ಲಿ."

"ನಾನೆಲ್ಲಿ?"

"ಅಗೋ, ತುದೀಲಿ. ಆ ತಿಂಗ್ಳು ಕೊನೇ ಕೇಸು ನೀನೇ."

"ತುದೀಲೇ ಕೂರ್ಸಿದ್ದೀಯಲ್ಲ," ಎಂದು ನಕ್ಕು, ತುದಿಯವರೆಗೂ ಕೆಂಪು ತುಂಬಿದಳು. ಆಮೇಲೆ ನಾನು ರಿಜಿಸ್ಟರಿನಲ್ಲಿ ಮುಳುಗಿದೆ. ಅವಳು ಎದ್ದು ಹಿಂದಿನ ಜಗಲಿಗೆ ಹೋಗಿ ಕೆಂಪಿಯ ಸ್ಟೌ ಪಕ್ಕ ಕೂತಳು. ಇಬ್ಬರೂ ಏನೋ ಮಾತಾಡುವುದು, ಒಮ್ಮೆ ಜೋರಾಗಿ ನಗುವುದು ಕೇಳಿಸಿತು. ಎರಡೂವರೆಯ ಬಸ್ಸಿಗೆ ಹೊರಟಳು.

"ಬರ್ತೀನಕ್ಕಾ. ಆ ಮಾತು ಇನ್ನೊಂದ್ಸಲ."

"ಮುಂದಿನ ತಿಂಗ್ಳು ಬಾ, ಬಿಡುವಾಗಿರ್ತೀನಿ."

ನನ್ನ ಕೆಲಸದ ಬದುಕಿನ ಕೊನೆಯ ಸಾಮಾನ್ಯ ದಿನ ಅದು. ಮರುದಿನ ಅಧಿಕಾರಿ ಬಂದರು. ಒಂದು ಎಳನೀರು ಕುಡಿಯುವಷ್ಟು ಹೊತ್ತು ಹಾಳೆಯ ಮುಂದೆ ನಿಂತರು. "ಬಣ್ಣ ಯಾರು ಹಾಕಿದ್ದು? ಬಹಳ ನೀಟಾಗಿದೆ," ಎಂದರು. ಜೀಪು ಹತ್ತಿ ಹೋದರು. ನನ್ನ ಕೆಲಸಕ್ಕೆ ಮೇಲಿನವರಿಂದ ಸಿಕ್ಕ ಮೊದಲ ಹೊಗಳಿಕೆ ಅದು. ಹೊಗಳಿದ್ದು ಪೆನ್ಸಿಲಿನ ಕೆಲಸವನ್ನು.

ಇದನ್ನು ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ಮಲಯಾಳದಲ್ಲಿ ಬರೆದರೆ ಇಲ್ಲಿ ಹೆಚ್ಚು ಜನ ಓದುತ್ತಾರೆ ಎಂದು ಗೊತ್ತು. ಗಡಿಯಾಚೆಯ ಕುಟ್ಟದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ನನ್ನದು. ಮುಂದಿನ ಓದು, ತರಬೇತಿ, ರಿಪೋರ್ಟು ಎಲ್ಲವೂ ಮಲಯಾಳದಲ್ಲೇ ಆಯಿತು. ಆದರೆ ನಾನು ನಾಗುವಿನ ಜೊತೆ ಆಡದೆ ಬಿಟ್ಟ ಮಾತು ಕನ್ನಡದ್ದು. ಹಾಗಾಗಿ ಇದೂ ಕನ್ನಡದಲ್ಲೇ ಇರಲಿ.

ಆಗ ನಮ್ಮ ಕೆಲಸ ಹೇಗಿತ್ತೆಂದರೆ, ಊರಿನಲ್ಲಿ ಹೆಂಗಸರು ಇರಲಿಲ್ಲ, ಕೇಸುಗಳಿದ್ದವು. ತಿಂಗಳ ಸಭೆಯಲ್ಲಿ ನಮ್ಮ ಸೂಪರ್‌ವೈಸರ್ ಚೇಚಿ (ಎಲ್ಲರಿಗೂ ಅವರು ಅಕ್ಕ) ಕನ್ನಡಕ ಮೂಗಿನ ತುದಿಗೆ ಇಳಿಸಿ, "ಎಷ್ಟು ಹಾಕಿದ್ದೀರಿ?" ಎಂದು ಕೇಳುತ್ತಿದ್ದರು. ಹಾಕಿದ್ದರಲ್ಲಿ ಎಷ್ಟು ಉಳಿದಿವೆ ಎಂದು ಒಮ್ಮೆಯೂ ಕೇಳಲಿಲ್ಲ. ಹಾಕಿದ್ದಕ್ಕೆ ಕಾಲಂ ಇತ್ತು. ಮೂರನೇ ವಾರ ತೆಗೆಸಿಕೊಂಡು ಹೋದವಳಿಗೆ ಕಾಲಂ ಇರಲಿಲ್ಲ. ಕಾಗದದ ಮೇಲೆ ನಮ್ಮ ಕಡೆಯ ಹೆಂಗಸರೆಲ್ಲ ಒಳಗೊಂದು ತಾಮ್ರದ ತಂತಿ ಇಟ್ಟುಕೊಂಡು ಮೂರು ವರ್ಷ ಸುಖವಾಗಿದ್ದರು. ಅದೇ ಕಾಗದದ ಹೊರಗೆ ಅವರೆಲ್ಲ ಮತ್ತೆ ಬಸುರಾಗಿ ನಮ್ಮ ಬಾಗಿಲಲ್ಲೇ ಸಾಲು ನಿಲ್ಲುತ್ತಿದ್ದರು. ಒಂದೇ ಮೇಜಿನ ಎಡಗಡೆಯ ರಿಜಿಸ್ಟರಿನಲ್ಲಿ ಕಾಪರ್-ಟಿ ಇರುವವಳು ಬಲಗಡೆಯ ರಿಜಿಸ್ಟರಿನಲ್ಲಿ ಐದು ತಿಂಗಳ ಗರ್ಭಿಣಿ. ಎರಡನ್ನೂ ಬರೆದವಳು ನಾನೇ. ಎರಡಕ್ಕೂ ಸಹಿ ಹಾಕಿದವರು ಒಬ್ಬರೇ. ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ತೆಗೆಸಲು ಬಂದವರನ್ನು ವಾಪಸು ಕಳಿಸಬೇಕೆಂಬುದು ಬಾಯಿಮಾತಿನ ಆಜ್ಞೆ. "ಎರಡು ಕಬ್ಬಿಣದ ಮಾತ್ರೆ ಕೊಟ್ಟು ಧೈರ್ಯ ಹೇಳಿ ಕಳಿಸು, ತೆಗೀಬೇಡ." ಧೈರ್ಯ ಹೇಳುವುದೆಂದರೆ ಗದರಿಸುವುದು ಎಂದು ನಾವೆಲ್ಲ ಅರ್ಥ ಮಾಡಿಕೊಂಡಿದ್ದೆವು. ನಾನು ಬಹಳ ಚೆನ್ನಾಗಿ ಗದರಿಸುತ್ತಿದ್ದೆ. "ಅಷ್ಟು ರಕ್ತಕ್ಕೆ ಇಷ್ಟು ಅಳ್ತೀಯಲ್ಲ, ಹೆತ್ತಾಗ ಏನ್ಮಾಡ್ದೆ?" ಎಂಬುದು ನನ್ನ ಮೆಚ್ಚಿನ ಮಾತು. ತಪ್ಪದೆ ಕೆಲಸ ಮಾಡುತ್ತಿತ್ತು. ಹಾಗೆ ಕೇಳಿಸಿಕೊಂಡವಳು ಮತ್ತೆ ನನ್ನ ಹತ್ತಿರ ಬರುತ್ತಿರಲಿಲ್ಲ.

ಬೋಧನೆಗೆ ಒಂದು ಚಿತ್ರದ ಸುರುಳಿ ಕೊಟ್ಟಿದ್ದರು. ಅದರಲ್ಲಿ ಕೆನ್ನೆ ಕೆಂಪಗಿರುವ ಒಬ್ಬ ಹೆಂಗಸು, ಎರಡು ದಪ್ಪ ಮಕ್ಕಳು, ಗುಡಿಸಿದ ಅಂಗಳ, ನಗುವ ಗಂಡ. ಕಾಟಿಕುಳದ ಹತ್ತಿರ ಒಂದು ಆದಿವಾಸಿ ಹಾಡಿಯಲ್ಲಿ ಅದನ್ನು ಬಿಚ್ಚಿ ಅರ್ಧ ಗಂಟೆ ಮಾತಾಡಿದೆ. ಎಲ್ಲರೂ ಬಹಳ ಗಮನವಿಟ್ಟು ನೋಡಿದರು. ಕೊನೆಗೆ, ಏನಾದರೂ ಕೇಳುವುದಿದ್ದರೆ ಕೇಳಿ ಎಂದೆ.

"ಆ ಸೀರೆ ಯಾವ ಅಂಗಡೀಲಿ ಸಿಗ್ತದೆ ಸಿಸ್ಟರೇ?" ಎಂದಳೊಬ್ಬಳು.

"ಆ ಗಂಡ ಯಾವ ಅಂಗಡೀಲಿ ಸಿಗ್ತಾನೆ, ಅದನ್ನ ಕೇಳೇ," ಎಂದಳು ಪಕ್ಕದವಳು.

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಸುರುಳಿ ಸುತ್ತಿಕೊಂಡು ಬಂದು, ಇವರಿಗೆ ತಲೆಯಿಲ್ಲ ಎಂದು ಕೆಂಪಿಯೆದುರು ಬೈದೆ. ಕೆಂಪಿ ಅಂಥದೇ ಹಾಡಿಯವಳು ಎಂಬುದು ಬೈದ ಮೇಲೆ ನೆನಪಾಯಿತು. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, "ಅವ್ರು ಕೇಳೋದು ಬೇರೆ ಐತೆ ಸಿಸ್ಟರೇ. ನೀ ಕೂತ್ರೆ ಕೇಳ್ತಾರೆ. ನಿಂತೇ ಇದ್ರೆ ಯಾರು ಕೇಳ್ತಾರೆ?" ಎಂದಳು. ನಾನು ಆಗಲೂ ಕೂರಲಿಲ್ಲ.

ಇನ್ನು ನಾಗುವಿನ ವಿಷಯ. ಅವಳ ಎರಡನೇ ಹೆರಿಗೆಯಲ್ಲಿ ಬಹಳ ರಕ್ತ ಹೋಯಿತು. ಮಾನಂದವಾಡಿಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಮೂರು ವರ್ಷ ಇನ್ನೊಂದು ಬೇಡ. ಬಸುರಾದರೆ ಇವಳು ಉಳಿಯೋದು ಕಷ್ಟ," ಎಂದಿದ್ದರು. ಎರಡೂ ಹೆಣ್ಣು. ಆಪರೇಷನ್ ಮಾತು ಅವಳ ಗಂಡನ ಮನೆಯಲ್ಲಿ ಎತ್ತುವಂತಿರಲಿಲ್ಲ. ಹಾಗಾಗಿ ಕಾಪರ್-ಟಿ. ಕೂಸಿಗೆ ಹತ್ತು ತಿಂಗಳಾದಾಗ ಅವಳು ನಮ್ಮಲ್ಲಿಗೆ ಬಂದಿದ್ದಳು. ತಿಂಗಳ ಕೊನೆ. ಸೂಪರ್‌ವೈಸರ್ ಚೇಚಿ ಇನ್ನೊಂದು ಕೇಸು ಬೇಕೇ ಬೇಕು ಎಂದಿದ್ದರು. ನಾನೇ ಹಾಕಿದೆ. ಹತ್ತು ನಿಮಿಷದ ಕೆಲಸ.

"ನೋವಾಗ್ತದಾ?"

"ಸ್ವಲ್ಪ."

"ರಕ್ತ?"

"ಸ್ವಲ್ಪ ಹೆಚ್ಚು ಹೋಗ್ಬೋದು. ಆಮೇಲೆ ಸರಿಯಾಗ್ತದೆ. ನರ್ಸಮ್ಮನ ತಂಗಿಗೆ ಹೇಳ್ಕೊಡ್ಬೇಕಾ ಇದೆಲ್ಲ?"

ಬೇರೆಯವರಿಗೆ ಅರೆಬರೆಯಾಗಿಯಾದರೂ ಹೇಳುತ್ತಿದ್ದೆ. ತಂಗಿಗೆ ಅಷ್ಟೂ ಹೇಳಲಿಲ್ಲ. 'ಸ್ವಲ್ಪ' ಎಂದರೆ ಎಷ್ಟು ದಿನ, ಎಷ್ಟು ತಿಂಗಳು, ಯಾವಾಗ ಹೆದರಬೇಕು, ಯಾವಾಗ ಹೆದರಬಾರದು, ಯಾವತ್ತು ಮತ್ತೆ ಬರಬೇಕು, ಒಂದನ್ನೂ ಹೇಳಲಿಲ್ಲ. ರಕ್ತ ಮೊದಲೇ ಕಡಿಮೆಯಿದ್ದವಳಿಗೆ ಕಬ್ಬಿಣದ ಮಾತ್ರೆಯ ಪೊಟ್ಟಣ ಕೊಡುವುದೂ ಮರೆತುಹೋಯಿತು. ಹೆಸರು ಬರೆದುಕೊಳ್ಳಲು ಮಾತ್ರ ಮರೆಯಲಿಲ್ಲ.

ನಮ್ಮ ಜನ ಗಡಿಯಾಚೆಯಿಂದ ಬಂದ ಗೌಡರು, ಬೇಸಾಯಗಾರರು. ಮುಟ್ಟಾದ ಹೆಂಗಸು ಮೂರು ದಿನ ಹೊರಗೆ ಸೌದೆ ಕೊಟ್ಟಿಗೆಯಲ್ಲಿ ಕೂತು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ರಕ್ತ ನಿಲ್ಲದಿದ್ದರೆ ನಾಲ್ಕನೇ ದಿನ ಬರುವುದೇ ಇಲ್ಲ. ನಿಲ್ಲುವವರೆಗೂ ಹೊರಗೆ. ನಾನೂ ಅದೇ ಜನ. ಮದುವೆಯಾಗದೆ, ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದು, ತಿಂಗಳಿಡೀ ಒಳಗೇ ಇದ್ದು ಅಭ್ಯಾಸವಾಗಿ, ಹೊರಗೆ ಕೂರುವ ಕಥೆಯನ್ನೇ ಮರೆತಿದ್ದೆ. ಪುಸ್ತಕದಲ್ಲಿ 'ಮೊದಲ ಕೆಲವು ತಿಂಗಳು ರಕ್ತಸ್ರಾವ ತುಸು ಹೆಚ್ಚಾಗಬಹುದು, ಅಪಾಯವಿಲ್ಲ' ಎಂದು ಬರೆದಿತ್ತು. ಬರೆದವರ ಮನೆಯಲ್ಲಿ ಸೌದೆ ಕೊಟ್ಟಿಗೆ ಇರಲಿಲ್ಲವೆಂದು ಕಾಣುತ್ತದೆ.

ನಾಗು ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ನನಗೆ ಒಳಗೊಳಗೇ ಸಮಾಧಾನ. ಬಾರದಿದ್ದರೆ ಎಲ್ಲ ಸರಿಯಿದೆ ಎಂದು ಲೆಕ್ಕ. ಈ ಕೆಲಸದಲ್ಲಿ ಅದಕ್ಕಿಂತ ದಡ್ಡತನದ ಲೆಕ್ಕ ಇನ್ನೊಂದಿಲ್ಲ.

ಮರುವರ್ಷ ಮಳೆ ಹಿಡಿಯುವ ಮೊದಲು, ಬೆಳಗ್ಗೆ ಹನ್ನೊಂದು ಗಂಟೆಗೆ, ಅವಳ ಮೈದುನ ಉಪಕೇಂದ್ರದ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ನಾಗು ಬಸುರಿಯಾಗಿದ್ದಳು. ನನಗೆ ತಿಳಿಸಬೇಡಿ, ಅಕ್ಕ ಬೈತಾಳೆ ಎಂದಿದ್ದಳಂತೆ. ಏಳನೇ ತಿಂಗಳಿಗೇ ನೋವು ಬಂದು, ಕೂಸು ಸತ್ತು ಹುಟ್ಟಿ, ರಕ್ತ ನಿಲ್ಲದೆ, ಜೀಪಿನಲ್ಲಿ ಹಾಕಿಕೊಂಡು ಪುಲ್ಪಳ್ಳಿ ದಾಟುವಾಗ ಹೋದಳು. ಇಪ್ಪತ್ತಾರು ವಯಸ್ಸು. ನನ್ನ ಗೋಡೆಯ ಮೇಲೆ ಅವಳೇ ತುಂಬಿದ ಕೆಂಪು ಕಂಬ ಹಾಗೇ ಇತ್ತು, ತುದಿಯಲ್ಲಿ ಅವಳೂ ಇದ್ದಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ನಾನು ಅವಳ ಅತ್ತೆ ಪುಟ್ಟತಾಯಮ್ಮನ ಮುಂದೆ ಹೋಗಿ ನಿಂತೆ. ಬೈಯಲೆಂದೇ ಹೋದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮುದುಕಿ ಹಿತ್ತಲಲ್ಲಿ ನಾಗುವಿನ ಚಿಕ್ಕ ಮಗಳನ್ನು ಮುಂದೆ ಕೂರಿಸಿಕೊಂಡು ನೀರು ಹಾಕುತ್ತಿದ್ದಳು.

"ಕಾಪರ್-ಟಿ ಎಲ್ಲಿ ಹೋಯ್ತು?" ಎಂದೆ. ಸಾವಿನ ಮನೆಯಲ್ಲಿ ನನ್ನ ಬಾಯಿಂದ ಬಂದ ಮೊದಲ ಮಾತು ಅದು.

"ಹೊಳೆಯಾಚೆ ಹೋಗಿ ತೆಗಿಸ್ಕೊಂಡ್ ಬಂದ್ಳು. ಹೆರಿಗೆ ಮಾಡ್ಸೋಳೊಬ್ಳು ಅವ್ಳೆ ಅಲ್ಲಿ."

"ನೀವು ಕಳ್ಸಿದ್ರಾ?"

"ನಾ ಯಾಕ್ ಕಳಿಸ್ಲಿ? ಅವ್ಳೇ ಹೋದ್ಳು. ತಿಂಗ್ಳಾದ್ರೆ ಹನ್ನೊಂದು ದಿವ್ಸ, ಹನ್ನೆರಡು ದಿವ್ಸ ಹೊರಗೆ ಕೂತ್ರೆ ಯಾವ ಹೆಂಗ್ಸು ತಡೀತಾಳೆ? ಬಟ್ಟೆ ಮೈಲಿಗೆ ಆಗ್ತದೆ ಅಂತ ಕೂಸನ್ನ ಬರಿಮೈಲಿ ಹಾಲಿಗೆ ಕೊಡ್ತಿದ್ದೆ, ಚಳೀಲಿ. ದೊಡ್ಡೋಳು ದೂರದಿಂದ್ಲೇ ಅತ್ತು ಅತ್ತು ಆಮೇಲೆ ಅಳೋದೂ ಬಿಟ್ಲು."

"ಅದು ಮುಟ್ಟಲ್ಲ! ಮೂರು ದಿನ ಆದ್ಮೇಲೆ ಬರೋದು ಆ ತಂತಿಯಿಂದ ಬರೋ ರಕ್ತ. ಅಷ್ಟಕ್ಕೆ ಹೊರಗೆ ಕೂರಿಸ್ತಾರಾ?"

ಪುಟ್ಟತಾಯಮ್ಮ ಚೆಂಬು ಕೆಳಗಿಟ್ಟಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಾನು ಅವಳನ್ನು ಎಷ್ಟು ತಿರಸ್ಕಾರದಿಂದ ನೋಡಬೇಕೆಂದು ಬಂದಿದ್ದೆನೋ ಅಷ್ಟೇ ತಿರಸ್ಕಾರ ಆ ನೋಟದಲ್ಲಿತ್ತು.

"ಇದನ್ನ ನಂಗೆ ಯಾರು ಹೇಳಿದ್ರು ತಾಯಿ? ನೀ ಹೇಳಿದ್ದಿದ್ರೆ ನಾಲ್ಕನೇ ದಿನ ನಾನೇ ನೀರು ಹಾಕಿ ಒಳಗೆ ಕರ್ಕೊಂಡು ಬತ್ತಿದ್ದೆ. ನೀ ನರ್ಸು. ನಾ ಏನ್ ನರ್ಸಾ?"

ಸೋಪು ಕಣ್ಣಿಗೆ ಹೋಗಿ ಮಗು ಅಳತೊಡಗಿತು. ಮುದುಕಿ ಮತ್ತೆ ಚೆಂಬು ಎತ್ತಿಕೊಂಡಳು.

ಕೆಲಸಕ್ಕೆ ಮರಳಿದ ದಿನ ಕೆಂಪಿ ಸ್ಟೌ ಹಚ್ಚಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದಳು. ಪುಟ್ಟತಾಯಮ್ಮ ಹೇಳಿದ್ದನ್ನು ಹೇಳಿದೆ. "ಗೊತ್ತು," ಎಂದಳು ಕೆಂಪಿ.

"ಏನು ಗೊತ್ತು?"

"ಅವತ್ತು ಬಣ್ಣ ಹಾಕಿದ್ಳಲ್ಲ, ಆವತ್ತೇ ಹೇಳಿದ್ಳು. ಹೊರಗೆ ಕೂತೂ ಕೂತೂ ಸಾಕಾಯ್ತು ಕೆಂಪಕ್ಕಾ ಅಂತ. ದೊಡ್ಡ ಮಗ್ಳು 'ನೀ ಹೊರಗಿನೋಳು, ಬರಬ್ಯಾಡ' ಅನ್ನೋಕೆ ಕಲ್ತವಳೆ ಅಂತ. ನಾ ಅಂದೆ, ಯಾಕೇ ತಂಗಿ, ಗದ್ದೇಲಿ ಇಂಬಳ ಕಚ್ಚಿ ರಕ್ತ ಸೋರಿದ್ರೆ ಹೊರಗೆ ಕೂತ್ಕಂತೀಯಾ? ಇದೂ ಹಂಗೇಯ. ತಂತಿ ಕಚ್ಚಿರೋದು, ತಿಂಗ್ಳ ಮುಟ್ಟಲ್ಲ. ನಕ್ಕಳು ಅವ್ಳು. ನಮ್ಮತ್ತೆಗೆ ನೀನೇ ಬಂದು ಹೇಳು ಅಂದ್ಳು."

ಆ ನಗುವನ್ನು ನಾನೂ ಕೇಳಿದ್ದೆ.

"ನನಗೇಕೆ ಹೇಳಲಿಲ್ಲ ಕೆಂಪೀ?"

"ನಿನ್ನ ತಂಗಿ ಅಲ್ವಾ, ನಿಂಗೆ ಮೊದ್ಲೇ ಹೇಳಿರ್ತಾಳೆ ಅಂದ್ಕಂಡೆ. ನಾ ಹೋಗಿ ಹೇಳಿದ್ರೆ ಗೌಡ್ರ ಮನೇಲಿ ಯಾರು ಕೇಳ್ತಾರೆ? ಅಂಗಳಕ್ಕೇ ಬಿಡಲ್ಲ. ನಿನ್ನ ಬಿಳೀ ಸೀರೆ ಹೇಳಿದ್ರೆ ಕೇಳ್ತಾರೆ."

ಬಿಳೀ ಸೀರೆ ಅವತ್ತು ನೆಲದ ಮೇಲೆ ಕೂತು ಕಂಬ ಬರೆಯುತ್ತಿತ್ತು.

ಆಮೇಲಿನ ಇಪ್ಪತ್ತೇಳು ವರ್ಷ ನಾನು ಮಾಡಿದ್ದೆಲ್ಲ ಕೆಂಪಿಯ ಆ ಒಂದು ಇಂಬಳದ ಮಾತನ್ನು ಮನೆಮನೆಗೆ ಹೊತ್ತದ್ದು. ತರಬೇತಿಯಲ್ಲಿ ಕಲಿತದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಮಾಡಿದ್ದು ಕೂರುವುದನ್ನು ಕಲಿತದ್ದು. ಹೆಂಗಸನ್ನು ಮಾತ್ರ ಕರೆಯದೆ, ಅವಳ ಅತ್ತೆಯನ್ನೂ ಕರೆದು ಮೊದಲ ಸ್ಟೂಲು ಅತ್ತೆಗೆ ಕೊಟ್ಟೆ. ಹಾಕುವ ಮುಂಚೆಯೇ ಕೇಳುತ್ತಿದ್ದೆ: ನಿಮ್ಮಲ್ಲಿ ಎಷ್ಟು ದಿನ ಹೊರಗೆ? ಕೂಸು ಯಾರ ಹತ್ತಿರ? ಹೊಲಕ್ಕೆ, ಹಟ್ಟಿಗೆ ಯಾರು ಹೋಗುತ್ತಾರೆ? ಆಮೇಲೆ ಇಂಬಳದ ಮಾತು. ನಮ್ಮ ಗದ್ದೆಗಳಲ್ಲಿ ಇಂಬಳ ಕಚ್ಚದ ಕಾಲು ಯಾವುದಿದೆ? ಎಲ್ಲ ಅತ್ತೆಯಂದಿರೂ ಒಪ್ಪಲಿಲ್ಲ. ತೋಲ್ಪೆಟ್ಟಿಯ ಒಬ್ಬಳು, "ಇಂಬಳ ಅಲ್ಲೀವರ್ಗೂ ಹೋಗ್ತದಾ ಸಿಸ್ಟರೇ? ಹಂಗಾದ್ರೆ ನಾನು ಗದ್ದೆಗೇ ಹೋಗಲ್ಲ," ಎಂದು ನಗಿಸಿದಳು. ಆದರೆ ನಾಲ್ಕನೇ ದಿನ ಸೊಸೆಗೆ ನೀರು ಹಾಕಿ ಒಳಗೆ ಕರೆದಳು. ಹೊರಗೆ ಕೂರುವುದೇ ತಪ್ಪು ಎಂದು ಭಾಷಣ ಮಾಡಲು ಆಗೊಬ್ಬ ಈಗೊಬ್ಬ ಮಹನೀಯರು ಪೇಟೆಯಿಂದ ಬರುತ್ತಿದ್ದರು. ಅವರು ಹೇಳಿದ್ದು ಸರಿಯೇ ಇರಬಹುದು. ಭಾಷಣ ಮುಗಿಸಿ ಅವರು ಐದರ ಬಸ್ಸಿಗೆ ಹೋಗುತ್ತಿದ್ದರು. ಸೊಸೆ ಹೊರಗೇ ಇರುತ್ತಿದ್ದಳು.

ಇನ್ನೊಂದು ಭಯ, ತಂತಿ ಮೇಲೇರಿ ಎದೆಗೆ, ಗಂಟಲಿಗೆ ಬರುತ್ತದೆ ಎಂಬುದು. ಡಾಕ್ಟರ್ ಸಾರ್ ಇದಕ್ಕೆ ಗಹಗಹಿಸಿ ನಗುತ್ತಿದ್ದರು. ನಗೆಗೀಡಾದ ಹೆಂಗಸು ವಾರದೊಳಗೆ ತೆಗೆಸಲು ಬರುತ್ತಿದ್ದಳು. ಇದಕ್ಕೂ ಮದ್ದು ಕೆಂಪಿಯ ಸೊಂಟದಲ್ಲೇ ಇತ್ತು. ಅವಳ ಎಲೆಯಡಿಕೆ ಚೀಲ. ಬಾಯಿಗೆ ದಾರ ಬಿಗಿದು ಎರಡು ತುದಿ ಹೊರಗೆ ಇಳಿಬಿಟ್ಟ ಬಟ್ಟೆಯ ಚೀಲ. ಅದರೊಳಗೆ ಕಾಪರ್-ಟಿ ಹಾಕಿ ದಾರ ಬಿಗಿದು, ತಲೆಕೆಳಗೆ ಹಿಡಿದು ತೋರಿಸುತ್ತಿದ್ದೆ. "ಇದು ನಿನ್ನ ಗರ್ಭಚೀಲ. ಮೇಲೆ ತೂತಿದೆಯಾ ನೋಡು, ಗಂಟಲಿಗೆ ಹೋಗೋಕೆ." ಅವರೇ ಚೀಲವನ್ನು ಹಿಸುಕಿ, ಎಳೆದು, ತಿರುಗಿಸಿ ನೋಡುತ್ತಿದ್ದರು. ನೂಲು ಕೆಳಗೆ ಏಕೆ ಇಳಿದಿದೆ, ಬೆರಳಿಗೆ ಹೇಗೆ ಸಿಗಬೇಕು, ಸಿಗದಿದ್ದರೆ ಏಕೆ ಓಡಿ ಬರಬೇಕು ಎಂಬುದೂ ಆ ಚೀಲದಿಂದಲೇ. ಕೆಲವು ವರ್ಷಗಳ ನಂತರ ಆಫೀಸಿನಿಂದ ಗುಲಾಬಿ ಬಣ್ಣದ ರಬ್ಬರಿನ ಗರ್ಭಚೀಲ ಬಂತು. ಮೊದಲ ದಿನವೇ ಒಬ್ಬಳು ಅದನ್ನು ನೋಡಿ, "ಯಾರ್ದು ಸಿಸ್ಟರೇ ಇದು?" ಎಂದು ಎದ್ದು ಓಡಿದಳು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ವರ್ಷಕ್ಕೊಮ್ಮೆ ತಪಾಸಣೆಗೆ ತೆಗೆದು ಒರೆಸುತ್ತಿದ್ದೆ.

ಮೇಲಿನವರಿಗೆ ಹಿಡಿಸದಿದ್ದ ಇನ್ನೊಂದು ಕೆಲಸ ಮಾಡಿದೆ. ಹಾಕುವ ದಿನವೇ ಹೇಳುತ್ತಿದ್ದೆ, "ಬೇಡ ಅನ್ಸಿದ್ರೆ ಬಾ. ನಾನೇ ತೆಗೆದುಕೊಡ್ತೀನಿ. ಬೈಯಲ್ಲ. ಬೇರೆ ಯಾರ ಕೈಗೂ ಹೋಗ್ಬೇಡ." ಸೂಪರ್‌ವೈಸರ್ ಚೇಚಿಗೆ ಇದು ತಿಳಿದು ಕರೆಸಿದರು.

"ನೀನು ಹಾಕೋಕೆ ಸಂಬಳ ತಗೊಳ್ತೀಯಾ, ತೆಗೆಯೋಕಾ?"

"ಎರಡಕ್ಕೂ ಚೇಚಿ."

"ಎಲ್ಲರೂ ತೆಗೆಸ್ಕೊಂಡು ಹೋಗ್ತಾರೆ, ನೋಡ್ತಿರು!"

ನೋಡಿದೆ. ತೆಗೆದುಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದ ಹೆಂಗಸರಲ್ಲಿ ಹೆಚ್ಚಿನವರು ತೆಗೆಸಲು ಬರಲೇ ಇಲ್ಲ. ಬಂದವರೂ ಅರ್ಧ ಗಂಟೆ ಕೂತು, ರಕ್ತದ ಕಥೆ, ಗಂಡನ ಕಥೆ, ಬೆನ್ನುನೋವಿನ ಕಥೆ ಹೇಳಿ, ಮಾತ್ರೆ ತೆಗೆದುಕೊಂಡು, "ಇನ್ನೊಂದ್ ತಿಂಗ್ಳು ನೋಡ್ತೀನಿ," ಎಂದು ಎದ್ದು ಹೋಗುತ್ತಿದ್ದರು. ನಿಜವಾಗಿಯೂ ಬೇಡವಾದವರಿಗೆ ಅಲ್ಲೇ ತೆಗೆದುಕೊಟ್ಟು, ಬೇರೆ ಏನು ಮಾಡಬಹುದೆಂದು ಹೇಳಿ ಕಳಿಸಿದೆ. ಬಾಗಿಲು ತೆರೆದಿದೆ ಎಂದು ಗೊತ್ತಾದರೆ ಓಡಿಹೋಗುವವರು ಕಡಿಮೆ. ಇಷ್ಟು ಸಣ್ಣ ವಿಷಯ ನನ್ನ ಮೇಲಿನವರಿಗೆ ಕೊನೆಯವರೆಗೂ ತಲೆಗೆ ಹೋಗಲಿಲ್ಲ. ನನಗೂ ಸುಮ್ಮನೆ ಹೋದದ್ದಲ್ಲ. ನಾಗು ಹೊಳೆ ದಾಟಿದ್ದು ನಾನು ಬೈಯುತ್ತೇನೆಂದು.

ಇದರಲ್ಲೂ ತಪ್ಪಿದ್ದೇನೆ. ಮಾತಿನ ಹುಮ್ಮಸ್ಸಿನಲ್ಲಿ ಎಲ್ಲ ರಕ್ತವನ್ನೂ ಇಂಬಳದ ರಕ್ತ ಎಂದು ಹೇಳುತ್ತಾ ಹೋಗಿ, ಜ್ವರವೂ ಕೆಟ್ಟ ವಾಸನೆಯೂ ಇದ್ದ ಒಬ್ಬಳನ್ನು ಮನೆಗೆ ಕಳಿಸಿಬಿಟ್ಟಿದ್ದೆ. ಕೆಂಪಿ ಗದ್ದೆಯ ಬದುವಿನವರೆಗೆ ಓಡಿ ಅವಳನ್ನು ವಾಪಸು ಕರೆತಂದಳು. "ಮೈ ಸುಡ್ತಾ ಐತೆ, ಮುಟ್ಟಿ ನೋಡಿದ್ಯಾ?" ಎಂದು ನನ್ನನ್ನೇ ಕೇಳಿದಳು. ಅವಳನ್ನು ಅವತ್ತೇ ಆಸ್ಪತ್ರೆಗೆ ಸೇರಿಸಿ, ಉಳಿಸಿಕೊಂಡೆವು. ಮಾತು ಚೆನ್ನಾಗಿ ಬರತೊಡಗಿದಾಗಲೇ ಕಿವಿ ಮಂದವಾಗುತ್ತದೆ. ಇದನ್ನು ನೆನಪಿಡಿ.

ಈಗ ಹತ್ತು ವರ್ಷದ ಕಾಪರ್-ಟಿ ಇದೆ, ತೋಳಿನೊಳಗೆ ಇಡುವ ಕಡ್ಡಿ ಬಂದಿದೆ, ಮೂರು ತಿಂಗಳಿಗೊಂದು ಚುಚ್ಚುಮದ್ದಿದೆ. ಇವುಗಳಲ್ಲಿ ಕೆಲವಕ್ಕೆ ಮುಟ್ಟು ನಿಂತೇ ಹೋಗಬಹುದು. ಆಗ ಹೆಂಗಸು, "ಆ ರಕ್ತವೆಲ್ಲ ಎಲ್ಲಿ ಸೇರ್ತಿದೆ?" ಎಂದು ಹೆದರಿ ಕೂರುತ್ತಾಳೆ. ವಸ್ತು ಬದಲಾಯಿತು, ಪ್ರಶ್ನೆ ಅದೇ. ಈಚೆಗೆ ಒಂದು ಆಸ್ಪತ್ರೆಯಲ್ಲಿ ಹೊಸ ನರ್ಸುಗಳ ಜೊತೆ ಮಾತಾಡಲು ನನ್ನನ್ನು ಕರೆದಿದ್ದರು. ಅಲ್ಲಿ ಕೌನ್ಸೆಲಿಂಗಿಗೆಂದೇ ಒಂದು ಕೋಣೆ, ಪರದೆ, ಫ್ಯಾನು, ಗೋಡೆಯಲ್ಲಿ ಅದೇ ಕೆಂಪು ಕೆನ್ನೆಯ ಹೆಂಗಸು. ಸೀರೆ ಮಾತ್ರ ಬದಲಾಗಿ ಚೂಡಿದಾರವಾಗಿತ್ತು. ಒಬ್ಬ ಹುಡುಗಿ ಪ್ಲಾಸ್ಟಿಕ್ ಹಾಳೆಯಿಂದ ಹತ್ತು ವಾಕ್ಯ ಓದಿದಳು, ಹತ್ತು ಗುರುತು ಹಾಕಿದಳು, ಎದುರಿಗಿದ್ದವಳಿಂದ ಸಹಿ ಮಾಡಿಸಿದಳು. "ಕೌನ್ಸೆಲಿಂಗ್ ಕೊಟ್ಟಾಯ್ತು ಮೇಡಂ," ಎಂದಳು ನನಗೆ, ಚುಚ್ಚುಮದ್ದು ಕೊಟ್ಟಂತೆ.

"ಅವಳು ಏನು ಕೇಳಿದಳು ಮಗಳೇ?" ಎಂದೆ.

"ಏನೂ ಕೇಳಲಿಲ್ಲ ಮೇಡಂ."

"ನೀನು ತಲೆಯೆತ್ತಿದ್ದರೆ ಕೇಳುತ್ತಿದ್ದಳು."

ಹುಡುಗಿಯ ಮುಖ ಸಪ್ಪಗಾಯಿತು. ಗದರಿಸುವ ಚಾಳಿ ನನ್ನಿಂದ ಪೂರ್ತಿ ಹೋಗಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಪಿಯ ಚೀಲದ ವಿಷಯ ಹೇಳಿದೆ. ಬರೆದುಕೊಳ್ಳಲು ಹೊರಟಳು. ಬರೆಯಬೇಡ, ಚೀಲ ಹೊಲಿ ಎಂದೆ.

ಕೆಂಪಿ ಹೋದ ವರ್ಷ ತೀರಿಕೊಂಡಳು. ಅವಳಿಗೆ ಯಾವ ಸನ್ಮಾನವೂ ಆಗಲಿಲ್ಲ. ನನಗೆ ನಿವೃತ್ತಿಯಲ್ಲಿ ಒಂದು ಶಾಲು ಹೊದಿಸಿ, ಅತಿ ಹೆಚ್ಚು ಕಾಪರ್-ಟಿ ಹಾಕಿದವಳು ಎಂದು ಮೈಕಿನಲ್ಲಿ ಹೇಳಿದರು. ಮತ್ತೆ ಹಾಕಿದ್ದರದೇ ಎಣಿಕೆ. ಶಾಲನ್ನು ಕೆಂಪಿಗೆ ಕೊಟ್ಟೆ. ಚಳಿಗೆ ಆಯಿತು ಎಂದಳು. ಅವಳು ಹೋದ ಮೇಲೆ ಮಗಳು ಎಲೆಯಡಿಕೆ ಚೀಲವನ್ನು ನನಗೆ ತಂದುಕೊಟ್ಟಳು. ಅವತ್ತು ಸ್ಟೌ ಪಕ್ಕ ನಾಗು ಏನು ಹೇಳಿದಳೆಂದು ಕೇಳಿದ್ದ ಒಂದೇ ಜೀವ ಕೆಂಪಿ. ಈಗ ಅವಳೂ ಇಲ್ಲವೆಂದು ಇಷ್ಟನ್ನು ಬರೆದಿಟ್ಟೆ.

ನಾಗು ಸತ್ತ ವರ್ಷ ನಾನು ಸ್ವಂತದ ಒಂದು ನೋಟುಪುಸ್ತಕ ಇಟ್ಟೆ, ಸರ್ಕಾರದ್ದಲ್ಲ. ಎಡಗಡೆ ಹೆಸರು, ಬಲಗಡೆ ಅವಳು ಮೂರನೇ ವಾರ ಮತ್ತೆ ಬಂದಾಗ ಹೇಳಿದ ಮಾತು, ಅವಳ ಮಾತಿನಲ್ಲೇ. 'ಎಂಟು ದಿನ ಆತು, ಅತ್ತೆ ಒಳಗೆ ಕರೆದ್ರು.' 'ಗಂಡಂಗೆ ನೂಲು ಚುಚ್ತದಂತೆ.' 'ಏನೂ ಇಲ್ಲ ಸಿಸ್ಟರೇ, ಸುಮ್ನೆ ಬಂದೆ.' ಬಾರದಿದ್ದವರ ಮನೆಗೆ ನಾನೇ ಹೋಗಿ ಕೇಳಿಕೊಂಡು ಬಂದು ಬರೆದೆ. ಅಂಥ ಒಂಬತ್ತು ಪುಸ್ತಕಗಳಿವೆ. ಮೊದಲ ಪುಸ್ತಕದ ಮೊದಲ ಸಾಲಿನಲ್ಲಿ ನಾಗುವಿನ ಹೆಸರಿದೆ. ಬಲಗಡೆ ಏನೂ ಬರೆದಿಲ್ಲ.